ಹುಲಿಯುಗುರು, ವೀಣೆ ಮತ್ತು ಗುಪ್ತನಾಮ: ನೂರ್ ಇನಾಯತ್ ಖಾನ್ ಕುರಿತ ಚರಿತ್ರೆ, ಐತಿಹ್ಯ ಹಾಗೂ ಕಾದಂಬರಿ

ಟಿಪ್ಪು ಸುಲ್ತಾನನನ್ನು ಕುರಿತ ಲಾವಣಿಗಳ ಕಥನವು ಸಾಮಾನ್ಯವಾಗಿ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬೀಳುವುದರೊಂದಿಗೆ ಮುಗಿದುಹೋಗುತ್ತದೆ. ಸುಲ್ತಾನ ಮಡಿದ ಮೇಲೆ ಅವನ ಮನೆಯ ಹೆಂಗಸರು ಮಕ್ಕಳು ಎಲ್ಲಿಗೆ ಹೋದರು, ಏನಾದರು ಎಂಬುದನ್ನು ಲಾವಣಿಕಾರ ಹಾಡುವುದಿಲ್ಲ. ಚರಿತ್ರೆಯ ಗ್ರಂಥಗಳೂ ಈ ವಿಷಯದಲ್ಲಿ ವೆಲ್ಲೂರು, ಕಲ್ಕತ್ತ ಎಂಬ ಎರಡು ಊರುಗಳ ಹೆಸರನ್ನು ಹೇಳಿ ಮುಂದೆ ಸಾಗುತ್ತವೆ. ಆದರೆ ಆ ವಂಶದ ಐದನೆಯ ತಲೆಮಾರಿನವಳೆಂದು ಹೇಳಲಾಗುವ ಯುವತಿಯೊಬ್ಬಳು 1943ರಲ್ಲಿ ಜರ್ಮನರ ವಶದಲ್ಲಿದ್ದ ಪ್ಯಾರಿಸ್ ನಗರದಲ್ಲಿ ಸುಳ್ಳು ಹೆಸರಿನಿಂದ ವಾಸಿಸುತ್ತ, ಪೆಟ್ಟಿಗೆಯಲ್ಲಿ ಅಡಗಿಸಿಟ್ಟ ನಿಸ್ತಂತು ಯಂತ್ರದಿಂದ ಲಂಡನ್ನಿಗೆ ಸಂದೇಶಗಳನ್ನು ಕಳುಹಿಸುತ್ತಿದ್ದಳು. ಅವಳ ಹೆಸರು ನೂರುನ್ನಿಸಾ ಇನಾಯತ್ ಖಾನ್. 1944ರ ಸೆಪ್ಟೆಂಬರ್ 13ರಂದು ಡಕಾವ್ ಶಿಬಿರದಲ್ಲಿ ಅವಳನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವಳಿಗೆ 30 ವರ್ಷ.

ಈಕೆಯನ್ನು ಕುರಿತು ಇಂಗ್ಲಿಷಿನಲ್ಲಿ ಜೀವನಚರಿತ್ರೆಗಳೂ ಚಲನಚಿತ್ರಗಳೂ ಬಂದಿವೆ. ಗೆಳತಿ ಜೀನ್ ಓವರ್ಟನ್ ಫುಲ್ಲರ್ 1952ರಲ್ಲಿ ಬರೆದ ‘ಮ್ಯಾಡೆಲೀನ್’ ಮೊದಲನೆಯ ಜೀವನಚರಿತ್ರೆ. 2004ರಲ್ಲಿ ಶೌನಾ ಸಿಂಗ್ ಬಾಲ್ಡ್ವಿನ್ ಅವರ ‘ದಿ ಟೈಗರ್ ಕ್ಲಾ’ ಎಂಬ ಕಾದಂಬರಿ ಪ್ರಕಟವಾಗಿ, ಕೆನಡಾದ ಗಿಲ್ಲರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಸ್ಥಾನ ಪಡೆಯಿತು. 2006ರಲ್ಲಿ ಶ್ರಾಬನಿ ಬಸು ಅವರ ‘ಸ್ಪೈ ಪ್ರಿನ್ಸೆಸ್’ ಬಂತು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ 2003ರಲ್ಲಿ ತೆರೆಯಲಾದ ಗುಪ್ತಚರ ಕಡತಗಳು ಈ ಗ್ರಂಥಕ್ಕೆ ಆಧಾರ. ಪ್ರಸ್ತುತ ಲೇಖನದ ಉದ್ದೇಶ ಈ ಗ್ರಂಥಗಳ ಸಾರವನ್ನು ಕನ್ನಡಕ್ಕೆ ತರುವುದಲ್ಲ. ನೂರಳ ಬದುಕಿನಲ್ಲಿ ದಾಖಲೆಯಿಂದ ಬಂದದ್ದು ಯಾವುದು, ಮನೆಮಾತಿನ ಐತಿಹ್ಯದಿಂದ ಬಂದದ್ದು ಯಾವುದು, ಕಾದಂಬರಿ ಇವೆರಡನ್ನೂ ಎತ್ತಿಕೊಂಡು ಏನು ಮಾಡಿತು ಎಂಬುದನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದಷ್ಟೇ ಇಲ್ಲಿನ ಪ್ರಯತ್ನ.

ವಂಶದ ವಿಷಯವೇ ಮೊದಲು ಎದುರಾಗುವ ತೊಡಕು. ನೂರಳ ತಂದೆ ಹಜರತ್ ಇನಾಯತ್ ಖಾನ್ ಬರೋಡೆಯಲ್ಲಿ 1882ರಲ್ಲಿ ಜನಿಸಿದ ವೈಣಿಕ ಹಾಗೂ ಸೂಫಿ ಗುರು. ಅವರ ತಾಯಿಯ ತಂದೆ ಮೌಲಾಬಕ್ಷ್ ಹೆಸರಾಂತ ಸಂಗೀತಗಾರ. ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಬರೋಡೆಯ ಸಂಗೀತ ಶಾಲೆಯನ್ನು ಆರಂಭಿಸಿದವರು ಅವರೇ. ಕುಟುಂಬದ ಕಥನದ ಪ್ರಕಾರ ಮೌಲಾಬಕ್ಷ್ ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತವನ್ನು ಕಲಿತು, ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಛತ್ರ ಮೊದಲಾದ ರಾಜಲಾಂಛನಗಳ ಮರ್ಯಾದೆಯನ್ನು ಪಡೆದರು. ಅಲ್ಲಿಯೇ, ತನ್ನ ಗುರುತನ್ನು ಮರೆಮಾಡಿಕೊಂಡು ನಂಬಿಕಸ್ಥರ ಕಾವಲಿನಲ್ಲಿ ಬದುಕುತ್ತಿದ್ದ ಖಾಸಿಂ ಬಿ ಎಂಬ ಹೆಣ್ಣುಮಗಳನ್ನು ವಿವಾಹವಾದರು. ಆಕೆ ಟಿಪ್ಪುವಿನ ಮೊಮ್ಮಗಳು. ಖಾಸಿಂ ಬಿಯ ಮಗಳು ಖತೀಜಾ ಬಿ. ಖತೀಜಾಳ ಮಗ ಇನಾಯತ್. ಇನಾಯತರ ಮಗಳು ನೂರ್.

ಈ ಸರಪಳಿಯನ್ನು ಕಾಲಗಣನೆಯಿಂದ ಪರೀಕ್ಷಿಸಬಹುದು. ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ನೂರ್ ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೋದಲ್ಲಿ. ನಡುವಿನ ಸುಮಾರು 164 ವರ್ಷಗಳನ್ನು ಐದು ತಲೆಮಾರುಗಳಿಗೆ ಹಂಚಿದರೆ ಒಂದೊಂದಕ್ಕೆ ಮೂವತ್ತಮೂರು ವರ್ಷದಷ್ಟು ಬರುತ್ತದೆ. ಇದು ಅಸಂಭವವಲ್ಲ. ಆದರೆ ಸಂಭವನೀಯವಾದದ್ದೆಲ್ಲ ಸಾಧಿತವಾದದ್ದಲ್ಲ. 1799ರ ಅನಂತರ ಟಿಪ್ಪುವಿನ ಕುಟುಂಬವನ್ನು ವೆಲ್ಲೂರಿನ ಕೋಟೆಯಲ್ಲಿ ಇರಿಸಲಾಯಿತು. 1806ರ ಜುಲೈ 10ರ ಸಿಪಾಯಿಗಳ ದಂಗೆಯ ತರುವಾಯ ರಾಜಕುಮಾರರನ್ನು ಕಲ್ಕತ್ತೆಗೆ ಸಾಗಿಸಲಾಯಿತು. ಹಾಗಿದ್ದ ಮೇಲೆ ಮೊಮ್ಮಗಳೊಬ್ಬಳು ಮೈಸೂರಿನಲ್ಲಿ ಇದ್ದುದು ಹೇಗೆ? ಮನೆಮಾತು ಈ ಪ್ರಶ್ನೆಗೆ 1857ರ ಕೋಲಾಹಲ, ಸ್ವಾಮಿನಿಷ್ಠ ಸೇವಕರು, ಗುಟ್ಟಾದ ಪಯಣ ಎಂಬ ಉತ್ತರವನ್ನು ಕೊಡುತ್ತದೆ. ಅಳಿದ ರಾಜವಂಶದ ಕುಡಿಯೊಂದನ್ನು ನಂಬಿಗಸ್ತರು ಬಚ್ಚಿಟ್ಟು ಬೆಳೆಸಿದರೆಂಬ ಆಶಯ ನಮ್ಮ ಪಾಳೆಯಗಾರರ ಕೈಫಿಯತ್ತುಗಳಿಂದ ಹಿಡಿದು ಒಕ್ಕಲು ಮನೆತನಗಳ ಮೂಲಕಥೆಗಳವರೆಗೆ ಹಬ್ಬಿದೆ. ಮೌಖಿಕ ವಂಶಾವಳಿಗಳು ಆಯಾ ಕಾಲದ ಅಗತ್ಯಕ್ಕೆ ತಕ್ಕಂತೆ ತಮ್ಮನ್ನು ತಿದ್ದಿಕೊಳ್ಳುತ್ತವೆ ಎಂದು ಆಫ್ರಿಕದ ಮೌಖಿಕ ಪರಂಪರೆಗಳನ್ನು ಅಭ್ಯಸಿಸಿದ ಯಾನ್ ವಾನ್ಸಿನಾ ಎಚ್ಚರಿಸಿರುವುದು ಇಲ್ಲಿ ನೆನಪಾಗಬೇಕು. ಪರದೇಶದಲ್ಲಿ ನೆಲೆಯೂರಿದ ಸಂಗೀತಗಾರರ ಕುಟುಂಬಕ್ಕೆ ರಾಜರಕ್ತದ ಮನ್ನಣೆ ಬೇಡವಾಗಿತ್ತೆಂದು ಹೇಳಲಾಗದು.

ಇಷ್ಟು ಸಂದೇಹಪಟ್ಟ ಮೇಲೂ ಒಂದು ಅಂಶ ಉಳಿಯುತ್ತದೆ. ಈ ವಂಶಾವಳಿ ಎರಡು ಕಡೆ ಹೆಣ್ಣಿನ ಮೂಲಕ ಹಾಯುತ್ತದೆ. ಹೆಚ್ಚುಗಾರಿಕೆಗಾಗಿ ಹುಟ್ಟಿಸಿದ ವಂಶಾವಳಿಗಳು ಸಾಮಾನ್ಯವಾಗಿ ಗಂಡಿನಿಂದ ಗಂಡಿಗೆ ನೇರವಾಗಿ ನಡೆಯುತ್ತವೆ. ಶ್ರೀರಂಗಪಟ್ಟಣದ ಜನಾನಾದಲ್ಲಿ ಹೈದರ್ ಮತ್ತು ಟಿಪ್ಪು ಇಬ್ಬರಿಗೂ ಸೇರಿದಂತೆ ಸುಮಾರು 600 ಮಂದಿ ಹೆಂಗಸರಿದ್ದರು. ಕಂಪನಿಯ ಅಧಿಕಾರಿಗಳು ಗಂಡುಮಕ್ಕಳ ಹೆಸರು, ವಯಸ್ಸು, ಪಿಂಚಣಿಗಳನ್ನು ಬರೆದಿಟ್ಟಷ್ಟು ಎಚ್ಚರಿಕೆಯಿಂದ ಹೆಣ್ಣುಮಕ್ಕಳ ಲೆಕ್ಕ ಇಡಲಿಲ್ಲ. ಗಾದಿಗೆ ಹಕ್ಕುದಾರರಾಗಬಲ್ಲವರ ಮೇಲೆ ಮಾತ್ರ ಅವರ ಕಣ್ಣಿತ್ತು. ಆದುದರಿಂದ ದಾಖಲೆಯ ಅಭಾವವನ್ನು ಹೆಣ್ಣಿನ ವಿಷಯದಲ್ಲಿ ಸುಳ್ಳಿಗೆ ಸಾಕ್ಷಿಯೆಂದು ತೆಗೆದುಕೊಳ್ಳುವುದು ನ್ಯಾಯವಲ್ಲ. ನನ್ನ ಅಭಿಪ್ರಾಯದಲ್ಲಿ ಇದನ್ನು ‘ಕುಟುಂಬದ ಐತಿಹ್ಯ’ ಎಂದೇ ಕರೆಯಬೇಕು. ಪತ್ರಿಕೆಗಳು ಬರೆಯುವ ‘ರಾಜಕುಮಾರಿ’ ಎಂಬ ಬಿರುದನ್ನಂತೂ ಕೈಬಿಡಬೇಕು.

ಮಂಡ್ಯ ಸೀಮೆಗೆ ಈ ಕಥೆಯ ನಂಟು ಶ್ರೀರಂಗಪಟ್ಟಣವೊಂದರಿಂದಲೇ ಅಲ್ಲ. ಹೈದರನು ಮಳವಳ್ಳಿಯನ್ನು ಟಿಪ್ಪುವಿಗೆ ಜಹಗೀರಾಗಿ ಕೊಟ್ಟಿದ್ದನೆಂದು, ಅಲ್ಲಿ ಹಣ್ಣಿನ ತೋಟ ಹಾಕಿಸಿದ್ದನೆಂದು 1800ರಲ್ಲಿ ಈ ಭಾಗವನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬರೆದಿದ್ದಾನೆ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೈನ್ಯದೊಂದಿಗೆ ಟಿಪ್ಪು ಕಾದಿ ಹಿಮ್ಮೆಟ್ಟಿದ್ದು ಅದೇ ಮಳವಳ್ಳಿಯ ಬಯಲಿನಲ್ಲಿ. ಮದ್ದೂರಿನ ಕೋಟೆಯನ್ನು ಕಾರ್ನ್‌ವಾಲಿಸ್ 1791ರಲ್ಲಿ ಕೆಡವಿಸಿದನು. ಬೆಂಗಳೂರಿನಿಂದ ಚನ್ನಪಟ್ಟಣ, ಮದ್ದೂರುಗಳ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗುವ ಹಾದಿ ಅಂಚೆಯ ಹಾದಿಯೂ ಆಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟ ಮೈಸೂರು ಅಂಚೆಯು ಓಲೆ ಸಾಗಿಸುವುದರ ಜೊತೆಗೆ ಸೀಮೆಯ ಸುದ್ದಿಯನ್ನು ಗುಟ್ಟಾಗಿ ಅರಮನೆಗೆ ಮುಟ್ಟಿಸುವ ವ್ಯವಸ್ಥೆಯೂ ಆಗಿತ್ತೆಂದು, ಹೈದರನು ಇದನ್ನು ಇನ್ನೂ ಬಿಗಿಗೊಳಿಸಿದನೆಂದು ವಿಲ್ಕ್ಸ್ ಹೇಳುತ್ತಾನೆ. ‘ಹರಿಕಾರ’ ಎಂಬ ಪದಕ್ಕೆ ಓಲೆಕಾರ, ಬೇಹುಗಾರ ಎಂಬ ಎರಡೂ ಅರ್ಥಗಳು ಒಟ್ಟಿಗೆ ಇರುವುದು ಈ ಕಾರಣದಿಂದಲೇ.

ಬೇಹುಗಾರಿಕೆಯಲ್ಲಿ ಹೆಣ್ಣಿನ ಪಾತ್ರವೂ ನಮಗೆ ಹೊಸದಲ್ಲ. ಕೌಟಿಲ್ಯನು ಪರಿವ್ರಾಜಿಕೆಯನ್ನು ಸಂಚಾರಿ ಗೂಢಚಾರರ ಸಾಲಿನಲ್ಲಿ ಸೇರಿಸಿದ್ದಾನೆ. ಕೆಂಪುನಾರಾಯಣನು 1823ರಲ್ಲಿ ಬರೆದ ‘ಮುದ್ರಾಮಂಜೂಷ’ದ ಮೂಲಕ ಚಾಣಕ್ಯನ ಚಾರರು, ವಿಷಕನ್ಯೆಯರು ಕನ್ನಡ ಗದ್ಯಕ್ಕೆ ಬಂದರು. ಚಿತ್ರದುರ್ಗದ ಓಬವ್ವನ ಐತಿಹ್ಯದ ಕೆಲವು ಪಾಠಗಳಲ್ಲಿ, ಮೊಸರು ಮಾರುವವಳು ಬಂಡೆಯ ಕಿಂಡಿಯಲ್ಲಿ ನುಸುಳುವುದನ್ನು ಕಂಡೇ ಹೈದರನ ಕಡೆಯವರು ಕೋಟೆಯ ದಾರಿ ತಿಳಿದರೆನ್ನಲಾಗುತ್ತದೆ. ಮೊಸರಿನವಳು, ಬಳೆಗಾರ್ತಿ, ಸೂಲಗಿತ್ತಿ, ಕೊರವಂಜಿ ಇವರು ಯಾವ ಬಾಗಿಲಲ್ಲೂ ತಡೆಯಿಲ್ಲದೆ ಹೋಗಿಬರಬಲ್ಲವರು ಎಂಬ ಅರಿವು ಜನಪದ ಕಥೆಗಳಲ್ಲಿ ದಟ್ಟವಾಗಿದೆ. ಇನ್ನು ಚರಿತ್ರೆಯಲ್ಲಿ, ಶ್ರೀರಂಗಪಟ್ಟಣದಲ್ಲಿ ಕಾವಲಿನಲ್ಲಿದ್ದುಕೊಂಡೇ ರಾಣಿ ಲಕ್ಷ್ಮಮ್ಮಣ್ಣಿಯವರು ತಿರುಮಲರಾಯನ ಮೂಲಕ ಇಂಗ್ಲಿಷರೊಂದಿಗೆ ಗುಟ್ಟಿನ ಮಾತುಕತೆ ನಡೆಸಿ 1782ರಲ್ಲಿ ಒಪ್ಪಂದ ಮಾಡಿಸಿದ್ದನ್ನು ಮರೆಯುವಂತಿಲ್ಲ. ಅವರು ಕೆಲಸ ಮಾಡಿದ್ದು ಟಿಪ್ಪುವಿನ ಮನೆತನದ ವಿರುದ್ಧ, ಇಂಗ್ಲಿಷರ ಪರ. ಒಂದೂವರೆ ಶತಮಾನದ ಬಳಿಕ ಟಿಪ್ಪುವಿನ ಕುಡಿಯೆನಿಸಿದವಳು ಅದೇ ಇಂಗ್ಲಿಷರಿಗಾಗಿ ಗುಟ್ಟಿನ ಕೆಲಸಕ್ಕೆ ಇಳಿದಳು.

ನೂರಳ ಬಾಲ್ಯ ಕಳೆದದ್ದು ಲಂಡನ್ನಿನಲ್ಲಿ, 1920ರಿಂದ ಫ್ರಾನ್ಸಿನಲ್ಲಿ. ಪ್ಯಾರಿಸ್ಸಿನ ಹೊರವಲಯದ ಸುರೆನ್ ಎಂಬಲ್ಲಿ ‘ಫಜಲ್ ಮಂಜಿಲ್’ ಎಂಬ ಮನೆ. ತಾಯಿ ಓರಾ ರೇ ಬೇಕರ್ ಅಮೆರಿಕದವಳು. 1927ರಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡಾಗ ತಾಯಿ ದುಃಖದಿಂದ ಕೋಣೆ ಸೇರಿದಳು. ಹದಿಮೂರರ ನೂರ್ ತಮ್ಮಂದಿರಿಗೂ ತಂಗಿಗೂ ತಾಯಿಯಂತಾದಳು. ಸೊರ್ಬಾನ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರ, ನಾದಿಯಾ ಬುಲಾಂಜೆಯ ಬಳಿ ಪಾಶ್ಚಾತ್ಯ ಸಂಗೀತ, ಮನೆಯಲ್ಲಿ ವೀಣೆ. ಅವಳು ವೀಣೆ ಹಿಡಿದು ಕುಳಿತ ಭಾವಚಿತ್ರವೂ ಉಳಿದಿದೆ.

ನಮಗೆ ಹೆಚ್ಚು ಆಪ್ತವಾಗಬೇಕಾದ ಸಂಗತಿಯೆಂದರೆ ಅವಳು ಕಥೆಗಾರ್ತಿಯಾಗಿದ್ದುದು. ಮಕ್ಕಳಿಗಾಗಿ ಬರೆದ ಅವಳ ಕಥೆಗಳು ಪ್ಯಾರಿಸ್ ರೇಡಿಯೋದಲ್ಲಿ, ‘ಫಿಗಾರೊ’ ಪತ್ರಿಕೆಯಲ್ಲಿ ಬರುತ್ತಿದ್ದವು. 1939ರಲ್ಲಿ, ನಮ್ಮ ಮಂಡ್ಯ ಪ್ರತ್ಯೇಕ ಜಿಲ್ಲೆಯಾದ ವರ್ಷ, ಅವಳು ಆರಿಸಿ ಮರುಹೇಳಿದ ಇಪ್ಪತ್ತು ಜಾತಕ ಕಥೆಗಳ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಬೇಟೆಗಾರರಿಂದ ತನ್ನ ಹಿಂಡನ್ನು ಪಾರುಮಾಡಲು ಕಪಿರಾಜನೊಬ್ಬ ತನ್ನ ಮೈಯನ್ನೇ ಸೇತುವೆಯಾಗಿ ಚಾಚುವ ಕಥೆ ಅದರಲ್ಲಿದೆ. ಮುಂದೆ ಅವಳಿಗೆ ಸಂಕೇತಲಿಪಿ ಕಲಿಸಿದ ಲಿಯೋ ಮಾರ್ಕ್ಸ್, ಅವಳನ್ನು ಭೇಟಿಯಾಗುವ ಮೊದಲು ಈ ಪುಸ್ತಕವನ್ನು ಓದಿಕೊಂಡಿದ್ದಾಗಿ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಸುಳ್ಳು ಹೇಳುವುದು ಅವಳಿಗೆ ಒಗ್ಗದೆಂದು ಕಂಡುಕೊಂಡ ಅವನು, ಸೆರೆಸಿಕ್ಕರೆ ಬಾಯಿಬಿಟ್ಟು ಸುಳ್ಳಾಡದೆಯೇ ಲಂಡನ್ನಿಗೆ ಎಚ್ಚರಿಕೆ ಕೊಡುವ ಉಪಾಯವೊಂದನ್ನು ಅವಳಿಗೆಂದೇ ಹೂಡಿದನಂತೆ. ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಇಂಥವಳನ್ನು ಗೂಢಚಾರಿಣಿಯಾಗಿ ಕಲ್ಪಿಸಿಕೊಳ್ಳುವುದು ಕಷ್ಟ. ಅವಳ ತರಬೇತುದಾರರಿಗೂ ಕಷ್ಟವಾಗಿತ್ತು. ಅವರ ವರದಿಗಳಲ್ಲಿ ಈ ಅನುಮಾನ ಬೇರೆ ಮಾತುಗಳಲ್ಲಿ ದಾಖಲಾಗಿದೆ.

1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಾಗ ಕುಟುಂಬ ಇಂಗ್ಲೆಂಡಿಗೆ ಪಾರಾಯಿತು. ಅದೇ ನವೆಂಬರಿನಲ್ಲಿ ನೂರ್ ವಾಯುಪಡೆಯ ಮಹಿಳಾ ಸಹಾಯಕ ದಳವನ್ನು ಸೇರಿ ನಿಸ್ತಂತು ಚಾಲಕಿಯಾದಳು. ಫ್ರೆಂಚ್ ಭಾಷೆಯ ಮೇಲಿನ ಹಿಡಿತದಿಂದಾಗಿ 1942ರ ಕೊನೆಗೆ ‘ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್’ ಎಂಬ ಗುಪ್ತ ಸಂಸ್ಥೆ ಅವಳನ್ನು ಕರೆಯಿತು. ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಪರ ನಿಲ್ಲುವೆನೆಂದು ಅವಳು ಅಧಿಕಾರಿಗಳ ಸಂದರ್ಶನದಲ್ಲೇ ಹೇಳಿದಳೆಂದು ಬಸು ಅವರು ಬರೆಯುತ್ತಾರೆ. ಅದು ಕ್ವಿಟ್ ಇಂಡಿಯಾ ಚಳವಳಿಯ ವರ್ಷ. ಈಸೂರು ಹೊತ್ತಿ ಉರಿದ ವರ್ಷ. ಮದ್ದೂರು ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು ಆಗ ನಾಲ್ಕು ವರ್ಷವಾಗಿತ್ತು.

1943ರ ಜೂನ್ 16ರ ರಾತ್ರಿ ಲೈಸಾಂಡರ್ ವಿಮಾನವೊಂದು ಅವಳನ್ನು ಫ್ರಾನ್ಸಿನ ಆಂಜೆ ಸಮೀಪದ ಹೊಲದಲ್ಲಿ ಇಳಿಸಿತು. ಆ ಸಂಸ್ಥೆ ಫ್ರಾನ್ಸಿಗೆ ಕಳುಹಿಸಿದ ಮೊದಲ ಮಹಿಳಾ ನಿಸ್ತಂತು ಚಾಲಕಿ ಅವಳು. ಗುಪ್ತನಾಮ ‘ಮ್ಯಾಡೆಲೀನ್’, ಕಾಗದಪತ್ರಗಳಲ್ಲಿ ಜೀನ್ ಮರಿ ರೆನಿಯೆ ಎಂಬ ಮಕ್ಕಳ ದಾದಿ. ಅವಳು ಸೇರಿಕೊಂಡ ‘ಪ್ರಾಸ್ಪರ್’ ಜಾಲದ ಮುಖ್ಯಸ್ಥ ಫ್ರಾನ್ಸಿಸ್ ಸಟಲ್ ಒಂದೇ ವಾರದೊಳಗೆ ಸಿಕ್ಕಿಬಿದ್ದನು, ಜಾಲ ಕುಸಿಯಿತು. ಮರಳಿ ಬರುವಂತೆ ಲಂಡನ್ ಹೇಳಿತು. ಪ್ಯಾರಿಸ್ಸಿನಲ್ಲಿ ಬೇರೆ ನಿಸ್ತಂತು ಚಾಲಕರು ಉಳಿದಿಲ್ಲವೆಂದು ಅವಳು ಒಪ್ಪಲಿಲ್ಲ. ಯಂತ್ರವಿದ್ದ ಪೆಟ್ಟಿಗೆಯ ತೂಕ 15 ಕಿಲೋಗ್ರಾಂ ಹತ್ತಿರ. ಸಂದೇಶ ಕಳುಹಿಸಲು ಉದ್ದನೆಯ ತಂತಿಯನ್ನು ಎತ್ತರಕ್ಕೆ ಕಟ್ಟಬೇಕು, ಜರ್ಮನರ ಶೋಧಕ ವಾಹನಗಳು ಜಾಡು ಹಿಡಿಯುವ ಮೊದಲೇ ಮುಗಿಸಿ ಜಾಗ ಬದಲಿಸಬೇಕು. ಇಂತಹ ಕೆಲಸದಲ್ಲಿ ಒಬ್ಬರು ಆರು ವಾರ ಉಳಿದರೆ ಹೆಚ್ಚು ಎಂಬ ಲೆಕ್ಕವಿತ್ತು. ಅವಳು ನಾಲ್ಕು ತಿಂಗಳ ಸನಿಹ ಉಳಿದಳು. ಅಕ್ಟೋಬರ್ ಮಧ್ಯದಲ್ಲಿ ಯಾರೋ ಹಣಕ್ಕೆ ಮಾರಿಕೊಟ್ಟದ್ದರಿಂದ ಸಿಕ್ಕಿಬಿದ್ದಳು. ಈ ಆರೋಪ ಹೊತ್ತಿದ್ದ ಮಹಿಳೆಯೊಬ್ಬಳನ್ನು ಯುದ್ಧಾನಂತರ ಫ್ರಾನ್ಸಿನ ನ್ಯಾಯಾಲಯ ಬಿಡುಗಡೆ ಮಾಡಿತು.

ಈ ನಾಲ್ಕು ತಿಂಗಳ ಕುರಿತು ಹೇಳಲಾಗುವ ಘಟನೆಗಳಲ್ಲಿ ಎರಡನ್ನು ಇಲ್ಲಿ ಗಮನಿಸಬಹುದು. ತಂತಿಯನ್ನು ಕಟ್ಟಲು ಹೆಣಗುತ್ತಿದ್ದಾಗ ಜರ್ಮನ್ ಅಧಿಕಾರಿಯೊಬ್ಬ, ಹುಡುಗಿ ರೇಡಿಯೋದಲ್ಲಿ ಹಾಡು ಕೇಳುವ ಆಸೆಗೆ ಹೀಗೆ ಮಾಡುತ್ತಿದ್ದಾಳೆಂದು ತಿಳಿದು ತಾನೇ ಕೈಗೂಡಿಸಿದನಂತೆ. ಮೆಟ್ರೋ ರೈಲಿನಲ್ಲಿ ಸೈನಿಕರು ಪೆಟ್ಟಿಗೆಯಲ್ಲೇನಿದೆ ಎಂದಾಗ ಸಿನಿಮಾ ತೋರಿಸುವ ಯಂತ್ರವೆಂದು ಹೇಳಿ ಪಾರಾದಳಂತೆ. ಇವು ನಡೆದಿರಬಹುದು. ಆದರೆ ಶತ್ರುವೇ ಅರಿಯದೆ ನೆರವಾಗುವುದು, ಕಾವಲಿನವನನ್ನು ಒಂದು ಮಾತಿನಿಂದ ಮರುಳುಗೊಳಿಸುವುದು ಎರಡೂ ಜಗತ್ತಿನಾದ್ಯಂತ ಹರಡಿರುವ ಕಥಾಶಯಗಳು. ಸುಳ್ಳಾಡಲಾರದ ಹುಡುಗಿ ಎಂಬ ಮಾರ್ಕ್ಸನ ಚಿತ್ರಕ್ಕೂ ಸಿನಿಮಾ ಯಂತ್ರದ ಕಥೆಗೂ ಹೊಂದಿಕೆಯಾಗುವುದಿಲ್ಲ ಎಂಬುದನ್ನೂ ನೋಡಬೇಕು. ದಾಖಲೆ ತೋರಿಸುವ ನೂರ್ ಇವೆರಡಕ್ಕಿಂತ ಸಂಕೀರ್ಣಳು: ಕಳುಹಿಸಿದ ಸಂದೇಶಗಳ ಪ್ರತಿಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು, ಅದು ಜರ್ಮನರ ಕೈಸೇರಿ, ಅವರು ಅವಳ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳುಹಿಸಿ ಇನ್ನೂ ಕೆಲವರನ್ನು ಬಲೆಗೆ ಕೆಡವಿದರು. ವೀರಕಥನಗಳು ಈ ಭಾಗವನ್ನು ಮೆಲ್ಲನೆ ದಾಟಿಬಿಡುತ್ತವೆ. ಇದರ ಹೊಣೆಯಲ್ಲಿ ಹೆಚ್ಚಿನ ಪಾಲು ಎಚ್ಚರಿಕೆಗಳನ್ನು ಕಡೆಗಣಿಸಿದ ಲಂಡನ್ ಕಚೇರಿಯದೆಂಬುದು ನಿಜ. ಹಾಗೆಂದು ಸಂಗತಿಯನ್ನೇ ಬಿಡಬಾರದು. ವಿಚಾರಣೆಯಲ್ಲಿ ಅವಳು ಜೊತೆಗಾರರ ಗುಟ್ಟನ್ನು ಬಿಟ್ಟುಕೊಡಲಿಲ್ಲ ಎಂಬುದಕ್ಕೆ ಅವಳನ್ನು ಸೆರೆಯಲ್ಲಿಟ್ಟ ಜರ್ಮನ್ ಅಧಿಕಾರಿಗಳದೇ ಹೇಳಿಕೆಗಳಿವೆ. ಎರಡು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿದಳು. ಎರಡನೆಯ ಬಾರಿ, ನವೆಂಬರ್ 25ರಂದು, ಮಾಡಿನ ಮೇಲೆ ಹತ್ತಿ ಹೋದವರು ವಾಯುದಾಳಿಯ ಸೂಚನೆಯಾದಾಗ ಸಿಕ್ಕಿಬಿದ್ದರು. ಮತ್ತೆ ತಪ್ಪಿಸಿಕೊಳ್ಳುವುದಿಲ್ಲವೆಂದು ಮಾತು ಕೊಡಲು ನಿರಾಕರಿಸಿದ್ದರಿಂದ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಕೈಕಾಲುಗಳಿಗೆ ಸರಪಳಿ ಹಾಕಿ ಹತ್ತು ತಿಂಗಳ ಕಾಲ ಒಂಟಿಯಾಗಿ ಇರಿಸಿದರು.

ಸಾವಿನ ಕಥನದಲ್ಲಿಯೂ ಪಾಠಾಂತರಗಳಿವೆ. ಯುದ್ಧ ಮುಗಿದ ಮೇಲೆ ಕಾಣೆಯಾದವರನ್ನು ಅರಸಿಹೋದ ವೆರಾ ಅಟ್ಕಿನ್ಸ್, ನೂರ್ 1944ರ ಜುಲೈ 6ರಂದು ನಾಟ್ಸ್‌ವೈಲರ್ ಶಿಬಿರದಲ್ಲಿ ಸತ್ತಳೆಂದು ಮೊದಲು ನಿರ್ಧರಿಸಿದ್ದಳು; ಅಲ್ಲಿ ಮಡಿದವಳು ಸೋನಿಯಾ ಓಲ್‌ಶಾನೆಜ್ಕಿ ಎಂಬ ಬೇರೊಬ್ಬಳು. ಡಕಾವ್‌ನಲ್ಲಿ ನೂರಳೊಂದಿಗೆ ಯೋಲಾಂದ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ಮ್ಯಾಡೆಲೀನ್ ದಾಮೆರ್ಮೊ ಎಂಬ ಮೂವರೂ ಕೊಲೆಯಾದರು. ನಾಲ್ವರೂ ಕೈಕೈ ಹಿಡಿದು ಮಂಡಿಯೂರಿದ್ದಾಗ ಗುಂಡಿಟ್ಟರೆಂಬುದು ಒಂದು ಪಾಠ. ನೂರಳನ್ನು ರಾತ್ರಿಯಿಡೀ ಹಿಂಸಿಸಿ ಬೇರೆಯಾಗಿ ಕೊಂದರೆಂಬುದು ಇನ್ನೊಂದು. ‘ಲಿಬರ್ತೆ’, ಎಂದರೆ ಸ್ವಾತಂತ್ರ್ಯ, ಎಂಬುದು ಅವಳ ಕೊನೆಯ ಮಾತೆಂಬುದು ಎರಡನೆಯ ಪಾಠದ ಭಾಗ; ಅದು ನಿಂತಿರುವುದು ಬಹುಕಾಲದ ನಂತರ ಪರೋಕ್ಷವಾಗಿ ಬಂದ ಹೇಳಿಕೆಯ ಮೇಲೆ. ಟಿಪ್ಪುವಿನ ಬಾಯಲ್ಲಿ ಹುಲಿಯಂತೆ ಎರಡು ದಿನ ಬಾಳುವ ಮಾತು ಹೇಗೆ ನೆಲೆನಿಂತಿತೋ ಹಾಗೆಯೇ ಇದೂ ನಿಂತಿದೆ. ವೀರರ ಕೊನೆಯ ನುಡಿಯನ್ನು ಕೇಳುಗರ ಪರಂಪರೆ ತಾನೇ ಪೂರೈಸಿಕೊಳ್ಳುತ್ತದೆ. ಇನಾಯತ್ ಖಾನ್ ಭಾರತ ಬಿಟ್ಟು ಪಶ್ಚಿಮಕ್ಕೆ ಹೊರಟದ್ದು 1910ರ ಸೆಪ್ಟೆಂಬರ್ 13ರಂದು; ಮಗಳು ಮಡಿದದ್ದೂ ಸೆಪ್ಟೆಂಬರ್ 13ರಂದು. ದಿನಾಂಕಗಳು ನಿಜ. ಅವುಗಳನ್ನು ಜೋಡಿಸಿ ಅರ್ಥ ಹಚ್ಚುವಲ್ಲಿಂದ ಐತಿಹ್ಯ ಆರಂಭವಾಗುತ್ತದೆ.

ಈ ಹಿನ್ನೆಲೆಯಲ್ಲಿ ಬಾಲ್ಡ್ವಿನ್ ಅವರ ಕಾದಂಬರಿಯನ್ನು ನೋಡಬೇಕು. ಸರಪಳಿಯಲ್ಲಿರುವ ನೂರ್ ತನ್ನ ಹುಟ್ಟದ ಮಗುವನ್ನು ಉದ್ದೇಶಿಸಿ ಬರೆಯುವ ಮಾತುಗಳು ಅದರ ಒಂದು ಎಳೆ. ಯುದ್ಧಾನಂತರ ತಮ್ಮ ಕಬೀರ್ ಅವಳನ್ನು ಹುಡುಕುವುದು ಇನ್ನೊಂದು. ನಿಜಜೀವನದಲ್ಲಿ ತಮ್ಮನ ಹೆಸರು ವಿಲಾಯತ್. ಯಹೂದಿ ಸಂಗೀತಗಾರನೊಬ್ಬನೊಂದಿಗೆ ನೂರಳಿಗೆ ನಿಶ್ಚಿತಾರ್ಥವಾಗಿ ಅದು ಮುರಿದುಬಿದ್ದದ್ದನ್ನು ಜೀವನಚರಿತ್ರೆಗಳು ಹೇಳುತ್ತವೆ. ಕಾದಂಬರಿಯಲ್ಲಿ ಅವನು ಆರ್ಮಾಂದ್ ಆಗಿ, ಅವಳು ಪ್ಯಾರಿಸ್ಸಿಗೆ ಹೋಗುವುದಕ್ಕೇ ಮುಖ್ಯ ಪ್ರೇರಣೆಯಾಗುತ್ತಾನೆ. ಕರ್ತವ್ಯ, ತತ್ತ್ವ, ಶೌರ್ಯಗಳ ಜಾಗದಲ್ಲಿ ಪ್ರೇಮವನ್ನಿಟ್ಟದ್ದು ನನಗೆ ಅಷ್ಟು ಒಪ್ಪಿಗೆಯಾಗಿಲ್ಲ. ಗಂಡು ಗೂಢಚಾರನು ದೇಶಕ್ಕಾಗಿ ಹೋಗುತ್ತಾನೆ, ಹೆಣ್ಣು ಪ್ರಿಯನಿಗಾಗಿ ಹೋಗುತ್ತಾಳೆ ಎಂಬ ಹಳೆಯ ಜಾಡನ್ನೇ ಅದು ಇನ್ನೊಂದು ದಾರಿಯಲ್ಲಿ ಬಂದು ಸೇರುತ್ತದೆ. ಆದರೆ ವಸಾಹತಿನ ಹೆಣ್ಣೊಬ್ಬಳು ತನ್ನ ನಾಡನ್ನು ಆಳುವವರಿಗಾಗಿ ಬೇಹುಗಾರಿಕೆ ಮಾಡುವ ಇಕ್ಕಟ್ಟನ್ನು ಈ ಕಾದಂಬರಿ ಎದುರಿಸಿದಷ್ಟು ನೇರವಾಗಿ ಜೀವನಚರಿತ್ರೆಗಳು ಎದುರಿಸಿಲ್ಲ. ಅದರ ಬೆಲೆ ಇರುವುದು ಅಲ್ಲಿ.

ಕಾದಂಬರಿಯ ಹೆಸರಿನ ಹುಲಿಯುಗುರು ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಪದಕ. ಲೇಖಕಿಗೆ ಅದು ಟಿಪ್ಪುವಿನ ಹುಲಿಲಾಂಛನದ ಗುರುತು. ನಮ್ಮ ಸೀಮೆಯ ಓದುಗನಿಗೆ ಅದು ಬೇರೆಯೇ ಅರ್ಥವನ್ನು ಕೊಡುತ್ತದೆ. ಮಗು ಬೆಚ್ಚಬಾರದು, ದೃಷ್ಟಿ ತಾಗಬಾರದು ಎಂದು ಉಳ್ಳವರು ಮಕ್ಕಳ ಕೊರಳಿಗೆ ಚಿನ್ನ ಬೆಳ್ಳಿಯ ಕಟ್ಟು ಹಾಕಿಸಿದ ಹುಲಿಯುಗುರನ್ನು ತೊಡಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನಂತರ ಅದು ಪೆಟ್ಟಿಗೆಯ ತಳ ಸೇರಿತು. 2023ರಲ್ಲಿ ಇದೇ ಕಾರಣಕ್ಕೆ ಕರ್ನಾಟಕದಲ್ಲಿ ಕೆಲವರು ಪೊಲೀಸರ ಮುಂದೆ ನಿಲ್ಲಬೇಕಾದುದು ಎಲ್ಲರಿಗೂ ತಿಳಿದಿದೆ. ಹುಲಿಯುಗುರು ರಾಜನ ಲಾಂಛನ ಮಾತ್ರವಲ್ಲ, ತಾಯಂದಿರು ಕಟ್ಟುವ ರಕ್ಷೆ. ಹುಟ್ಟದ ಮಗುವಿಗೆ ಬರೆಯುವ ಹೆಣ್ಣಿನ ಕೊರಳಲ್ಲಿ ಅದು ಇದ್ದಾಗ ಈ ಎರಡನೆಯ ಅರ್ಥವೇ ಹೆಚ್ಚು ಸಲ್ಲುತ್ತದೆ.

ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಯ ಊರುಗಳಲ್ಲಿ ಕ್ಷೇತ್ರಕಾರ್ಯ ಮಾಡುವಾಗ ಹಿರಿಯರಲ್ಲಿ ಟಿಪ್ಪುವಿನ ಮಾತು ಎತ್ತಿದರೆ ಕೋಟೆ, ಮದ್ದಿನಮನೆ, ಮೀರ್ ಸಾದಕನ ದ್ರೋಹ ಎಲ್ಲವೂ ಬರುತ್ತವೆ. ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಿಟ್ಟ ಪ್ರಸಂಗ ಬಂದಾಗ ಹೆಂಗಸರ ದನಿ ಇಳಿಯುತ್ತದೆ. ನೂರಳ ಹೆಸರು ಅಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ, ಬರುವುದಕ್ಕೆ ಕಾರಣವೂ ಇಲ್ಲ. ಅವಳ ಕಥೆಯನ್ನು ನಾನೇ ಹೇಳಿದಾಗ ಕೇಳಿದವರು ಮೊದಲು ಕೇ‍ಳಿದ ಪ್ರಶ್ನೆ ಅವಳು ಸುಲ್ತಾನನಿಗೆ ಏನಾಗಬೇಕು ಎಂಬುದಲ್ಲ. ಅವಳನ್ನು ಹಿಡಿದುಕೊಟ್ಟವರು ಯಾರು ಎಂಬುದು. ದ್ರೋಹದ ಸುತ್ತ ಹೆಣೆದ ಲಾವಣಿಯನ್ನು ಕೇಳಿದ ಕಿವಿಗಳು ಹೊಸ ಕಥೆಯಲ್ಲೂ ಮೀರ್ ಸಾದಕನನ್ನೇ ಹುಡುಕಿದವು.

1949ರಲ್ಲಿ ಬ್ರಿಟನ್ ಅವಳಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕವನ್ನು ನೀಡಿತು. ಫ್ರಾನ್ಸಿನ ಕ್ರುವಾ ದ ಗೇರ್ ಅದಕ್ಕೂ ಮೊದಲೇ ಬಂದಿತ್ತು. 2012ರ ನವೆಂಬರ್ 8ರಂದು ಲಂಡನ್ನಿನ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿ ಅವಳ ಪ್ರತಿಮೆ ಅನಾವರಣಗೊಂಡಿತು. ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಪರಸ್ಪರ ಮುಖ ನೋಡಲಾಗದ ಕೈದಿಗಳು ಊಟದ ಬಟ್ಟಲುಗಳ ತಳದಲ್ಲಿ ಗೀಚಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು. ಅಲ್ಲಿ ನೂರ್ ತನ್ನ ಹೆಸರನ್ನು ನೋರಾ ಬೇಕರ್ ಎಂದು, ತಾಯಿಯ ಮನೆತನದ ಹೆಸರಿನಿಂದ ಬರೆದಳು. ಜೊತೆಗೆ ಲಂಡನ್ನಿನ 4, ಟ್ಯಾವಿಟನ್ ಬೀದಿ ಎಂಬ ವಿಳಾಸವನ್ನು ಗೀಚಿದ್ದಳು. 2020ರ ಆಗಸ್ಟ್‌ನಲ್ಲಿ ಅವಳ ನೆನಪಿನ ನೀಲಿ ಫಲಕವನ್ನು ಹಾಕಿದ್ದು ಅದೇ ಮನೆಯ ಗೋಡೆಗೆ.